ಘಟ್ಟದ ಬೀಟೆ, ಗಿಟಾರಿನ ಮೆಟ್ಟಿಲು

ಪಶ್ಚಿಮ ಘಟ್ಟದ ಎಲೆಯುದುರು ಕಾಡುಗಳಲ್ಲಿ ಬೆಳೆಯುವ ಬೀಟೆ ಮರ ಕೊಲ್ಲೂರು, ಬೈಂದೂರು, ಕುಂದಾಪುರಗಳ ಹಳೆಯ ಮನೆಗಳಲ್ಲಿ ಮಂಚವಾಗಿ, ಕಪಾಟಾಗಿ, ತಲೆಮಾರುಗಳ ಕೈಬೆವರಿಗೆ ನುಣುಪಾದ ಕುರ್ಚಿಯ ತೋಳಾಗಿ ಉಳಿದುಕೊಂಡಿರುವುದು ಎಲ್ಲರೂ ಬಲ್ಲ ಸಂಗತಿ; ಅದೇ ಮರದ ಐದಾರು ಮಿಲಿಮೀಟರ್ ದಪ್ಪದ ಪಟ್ಟಿಗಳು ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ದೇಶವಿದೇಶಗಳ ಎಲೆಕ್ಟ್ರಿಕ್ ಗಿಟಾರುಗಳಲ್ಲಿ ವಾದಕರ ಬೆರಳಿನಡಿ ಸವೆಯುತ್ತಿವೆ ಎಂಬುದು ಮಾತ್ರ ಅಷ್ಟಾಗಿ ಪ್ರಚಾರದಲ್ಲಿಲ್ಲ. ಸಸ್ಯವಿಜ್ಞಾನಿಗಳು ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ ಎಂದೂ ಇಂಗ್ಲಿಷಿನವರು ರೋಸ್‌ವುಡ್ ಎಂದೂ ಕರೆಯುವ ಈ ಮರ ಹುರುಳಿ, ತೊಗರಿಗಳ ಕುಟುಂಬಕ್ಕೇ ಸೇರಿದ್ದು. ಲಿಯೋ ಫೆಂಡರ್ ಅವರ ಅಮೆರಿಕದ ಕಾರ್ಖಾನೆ 1958ರಲ್ಲಿ ಜಾಜ್‌ಮಾಸ್ಟರ್ ಗಿಟಾರಿಗೂ ಮರುವರ್ಷ ತನ್ನ ಪ್ರಸಿದ್ಧ ಸ್ಟ್ರಾಟೊಕಾಸ್ಟರಿಗೂ ರೋಸ್‌ವುಡ್ ಹಲಗೆ ಅಂಟಿಸಲು ಆರಂಭಿಸಿದಾಗ ಬಳಸಿದ್ದು ಬ್ರೆಜಿಲಿನ ಪ್ರಭೇದವನ್ನು. ಆ ಮರದ ಪೂರೈಕೆ ಕುಗ್ಗತೊಡಗಿದ 1960ರ ದಶಕದ ದ್ವಿತೀಯಾರ್ಧದಲ್ಲಿ ಗಿಟಾರು ತಯಾರಕರು ಭಾರತದ ಬೀಟೆಯ ಕಡೆಗೆ ಹೊರಳಿದರು. 1992ರಲ್ಲಿ ಬ್ರೆಜಿಲಿನ ಪ್ರಭೇದ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಮೊದಲನೆಯ, ಅಂದರೆ ಅತ್ಯಂತ ಕಟ್ಟುನಿಟ್ಟಿನ ಪಟ್ಟಿಗೆ ಸೇರಿದ ಮೇಲಂತೂ ಬೀಟೆಗೆ ರೋಸ್‌ವುಡ್‌ಗಳಲ್ಲಿ ದೊಡ್ಡ ಎದುರಾಳಿ ಇಲ್ಲದಂತಾಯಿತು.

ಈ ಹಲಗೆಗೆ ಫ್ರೆಟ್‌ಬೋರ್ಡ್ ಎಂದು ಹೆಸರು. ವೀಣೆಗೆ ದಂಡಿಯಿರುವಂತೆ ಗಿಟಾರಿಗೂ ಉದ್ದನೆಯ ದಂಡಿಯೊಂದಿದ್ದು, ಹೆಚ್ಚಾಗಿ ಮೇಪಲ್ ಅಥವಾ ಮಹಾಗನಿ ಮರದ ಆ ದಂಡಿಯ ಮೇಲ್ಮೈಗೆ ಬೀಟೆಯ ಹಲಗೆಯನ್ನು ಅಂಟಿಸಿ, ಅದರಲ್ಲಿ ಅಡ್ಡಡ್ಡಲಾಗಿ ಗರಗಸದಿಂದ ಸೀಳು ಕೊಯ್ದು, ಆ ಸೀಳುಗಳಿಗೆ ಫ್ರೆಟ್ ಎಂಬ ಲೋಹದ ಮೆಟ್ಟಿಲುಗಳನ್ನು ಬಡಿದು ಕೂರಿಸಲಾಗುತ್ತದೆ. ಮೆಟ್ಟಿಲುಗಳ ಜಾಗ ನಿರ್ಧಾರವಾಗುವುದು ಗಣಿತದಿಂದ. ಒಂದು ಸ್ಥಾಯಿಯನ್ನು ಸಮನಾದ ಹನ್ನೆರಡು ಸ್ವರಾಂತರಗಳಾಗಿ ಒಡೆಯುವ ಪಾಶ್ಚಾತ್ಯ ಪದ್ಧತಿಯಲ್ಲಿ ಪ್ರತಿ ಮೆಟ್ಟಿಲೂ ಕಂಪನದ ಆವರ್ತನವನ್ನು, ಅಂದರೆ ತಂತಿ ಸೆಕೆಂಡಿಗೆ ಎಷ್ಟು ಬಾರಿ ಅದುರುತ್ತದೆಂಬ ಲೆಕ್ಕವನ್ನು, 1.0595 ಪಟ್ಟು ಏರಿಸಬೇಕು. ಹನ್ನೆರಡು ಬಾರಿ ಹೀಗೆ ಏರಿದರೆ ಆವರ್ತನ ಸರಿಯಾಗಿ ಎರಡು ಪಟ್ಟಾಗುತ್ತದೆ. ಸ್ಟ್ರಾಟೊಕಾಸ್ಟರಿನಲ್ಲಿ ತಂತಿಯ ಅದುರುವ ಉದ್ದ 648 ಮಿ.ಮೀ. ಇರುವುದರಿಂದ ಮೊದಲ ಮೆಟ್ಟಿಲು ತಲೆಯ ಕಡೆಯ ತುದಿಯಿಂದ ಸುಮಾರು 36.4 ಮಿ.ಮೀ. ದೂರಕ್ಕೂ ಹನ್ನೆರಡನೆಯದು ನಟ್ಟನಡುವೆ 324 ಮಿ.ಮೀ. ದೂರಕ್ಕೂ ಬರುತ್ತವೆ. ಹದಿನಾರನೆಯ ಶತಮಾನದ ಇಟಲಿಯಲ್ಲಿ ವಿಜ್ಞಾನಿ ಗೆಲಿಲಿಯೋನ ತಂದೆ ವಿನ್ಸೆಂಜೊ ಗೆಲಿಲಿ ಹೇಳಿದ್ದ ಹಳೆಯ ಸೂತ್ರದಂತೆ ಪ್ರತಿ ಸಲವೂ ಉಳಿದ ಉದ್ದದ ಹದಿನೆಂಟನೆಯ ಒಂದು ಭಾಗವನ್ನು ಕಳೆಯುತ್ತ ಹೋದರೆ ಹನ್ನೆರಡನೆಯ ಮೆಟ್ಟಿಲು ನಡುವಿನಿಂದ ಎರಡು ಮಿ.ಮೀ.ಗಿಂತ ತುಸು ಹೆಚ್ಚು ತಪ್ಪುತ್ತದೆ. ಕರುಳಿನ ತಂತಿಯ ಕಾಲದಲ್ಲಿ ಅದು ನಡೆದುಹೋಗುತ್ತಿತ್ತು, ಉಕ್ಕಿನ ತಂತಿಯಲ್ಲಿ ನಡೆಯುವುದಿಲ್ಲ.

ಕೊಲ್ಲೂರು ಮೂಕಾಂಬಿಕಾ ದೇವಸ್ಥಾನದ ಸರಸ್ವತಿ ಮಂಟಪದಲ್ಲಿ ಕಲಾವಿದರು ಸಲ್ಲಿಸುವ ಸಂಗೀತಸೇವೆಯನ್ನು ಕಂಡವರಿಗೆ ಮೆಟ್ಟಿಲಿನ ವಾದ್ಯವೆಂದರೆ ಮೊದಲು ನೆನಪಾಗುವುದು ವೀಣೆಯೇ ಆಗಿರುವುದರಿಂದ, ಎರಡರ ನಡುವಣ ವ್ಯತ್ಯಾಸವನ್ನು ಇಲ್ಲಿಯೇ ಹೇಳುವುದು ಉಚಿತ. ಸರಸ್ವತಿ ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳು ಮರಕ್ಕೆ ನೇರವಾಗಿ ತಾಗುವುದೇ ಇಲ್ಲ. ಜೇನುಮೇಣಕ್ಕೆ ಮಸಿ ಬೆರೆಸಿ ಎರಕ ಹೊಯ್ದ ಕಪ್ಪು ಏಣುಗಳ ಮೇಲೆ ಅವು ಕೂತಿರುತ್ತವೆ, ಮೇಳ, ಅಂದರೆ ಈ ಮೆಟ್ಟಿಲುಸಾಲು, ಕಟ್ಟುವವರು ಕಿವಿಯಿಂದ ಶ್ರುತಿ ನೋಡುತ್ತ ಒಂದೊಂದನ್ನೂ ಕೂದಲೆಳೆಯಷ್ಟು ಅತ್ತಿತ್ತ ಸರಿಸಿ ನಿಲ್ಲಿಸುತ್ತಾರೆ. ಬೇಸಗೆಯ ಸೆಕೆಗೆ ಮೇಣ ಮೆತ್ತಗಾಗಿ ಶ್ರುತಿ ಜರುಗಿದರೆ, ಮೆಟ್ಟಿಲು ಸವೆದರೆ, ಮೇಳವನ್ನು ಬಿಚ್ಚಿ ಹೊಸದಾಗಿ ಕಟ್ಟುತ್ತಾರೆ, ಮರಕ್ಕೆ ಗಾಯವಾಗುವುದಿಲ್ಲ. ಗಿಟಾರಿನಲ್ಲಿ ಹಾಗಲ್ಲ. ಅಲ್ಲಿ ಮೆಟ್ಟಿಲಿನ ಬಾಲ ಹಲಗೆಯ ಮೈಯೊಳಗೇ ಹೂತಿರುತ್ತದೆ, ದುರಸ್ತಿಗಾಗಿ ಕಿತ್ತಾಗಲೆಲ್ಲ ಮರದ ಒಂದಿಷ್ಟು ಅಂಶ ಕಳೆದುಹೋಗುತ್ತದೆ, ಕಳೆದದ್ದು ಮರಳಿ ಬರುವುದಿಲ್ಲ. ಆದ್ದರಿಂದ ಹಳೆಯ ಗಿಟಾರಿನ ಫ್ರೆಟ್‌ಬೋರ್ಡ್ ಜೀರ್ಣೋದ್ಧಾರವೆಂಬುದು ಮೂಲತಃ ಉಳಿತಾಯದ ಕೆಲಸ. ಉಜ್ಜುವುದಕ್ಕೆ ಮುಂಚೆ ಮರದ ಹದ ನೋಡುವವರೇ ಇದರಲ್ಲಿ ಬಲ್ಲವರು.

ಹದವೆಂದರೆ ಮರದೊಳಗಿನ ನೀರು. ಕಡಿದು ಎಷ್ಟೇ ವರ್ಷವಾಗಿದ್ದರೂ ಮರ ಸುತ್ತಲಿನ ಗಾಳಿಯಿಂದ ತೇವವನ್ನು ಹೀರುತ್ತ, ಬಿಡುತ್ತ, ಆ ಗಾಳಿಗೆ ತಕ್ಕ ಒಂದು ಸಮತೋಲಕ್ಕೆ ಬಂದು ನಿಲ್ಲುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 50ರಷ್ಟಿದ್ದರೆ ಮರದಲ್ಲಿ ಅದರ ಒಣತೂಕದ ಸುಮಾರು ಶೇ 9ರಷ್ಟು ನೀರಿರುತ್ತದೆ, ಶೇ 90ಕ್ಕೇರಿದರೆ ನೀರು ಶೇ 20ರ ಸಮೀಪಕ್ಕೆ ಹೋಗುತ್ತದೆ. ಆಷಾಢ, ಶ್ರಾವಣಗಳಲ್ಲಿ ಬಟ್ಟೆ ಒಣಗದ, ಪುಸ್ತಕದ ರಟ್ಟಿಗೆ ಬೂಸ್ಟು ಹಿಡಿಯುವ ಘಟ್ಟದ ಬುಡದ ಊರುಗಳಲ್ಲಿ ಈ ಎರಡನೆಯ ಸ್ಥಿತಿ ಅಪರೂಪದ್ದಲ್ಲ. ನೀರು ಕುಡಿದ ಮರ ಉಬ್ಬುತ್ತದೆ, ಆದರೆ ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಅಲ್ಲ. ಮರದ ಜೀವಕೋಶಗಳು ಕಾಂಡದ ಉದ್ದಕ್ಕೆ ಚಾಚಿದ ಕೊಳವೆಗಳಾಗಿದ್ದು, ಅವುಗಳ ಗೋಡೆಯಲ್ಲಿ ಸೆಲ್ಯುಲೋಸ್ ಎಳೆಗಳು ಬಹುಮಟ್ಟಿಗೆ ಅದೇ ಉದ್ದಕ್ಕೆ ಹೆಣೆದುಕೊಂಡಿರುವುದರಿಂದ, ಎಳೆಗಳ ನಡುವೆ ಸೇರಿಕೊಳ್ಳುವ ನೀರಿನ ಅಣುಗಳು ಅವುಗಳನ್ನು ಪಕ್ಕಕ್ಕೆ ಸರಿಸಬಲ್ಲವೇ ಹೊರತು ಉದ್ದಕ್ಕೆ ಎಳೆಯಲಾರವು. ಹಸಿಮರ ಪೂರ್ತಿ ಒಣಗಿದಾಗ ಬೀಟೆ ವಾರ್ಷಿಕ ಉಂಗುರಗಳಿಗೆ ಅಡ್ಡಲಾಗಿ ಶೇ 3ರಷ್ಟು, ಉಂಗುರಗಳ ಗುಂಟ ಶೇ 6ರಷ್ಟು ಕುಗ್ಗಿದರೆ, ಉದ್ದಕ್ಕೆ ಕುಗ್ಗುವುದು ಬಹಳವೆಂದರೆ ಶೇ 0.2 ಮಾತ್ರ. ಫ್ರೆಟ್‌ಬೋರ್ಡಿನ ಪಾಲಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೊಂದಿಲ್ಲ. ಮಳೆಗಾಲವಿರಲಿ, ಬೇಸಗೆಯಿರಲಿ, ಸ್ವರಸ್ಥಾನವನ್ನು ನಿರ್ಧರಿಸುವ ಉದ್ದಳತೆಗಳು ಜಾಗ ಬಿಟ್ಟು ಕದಲುವುದಿಲ್ಲ. ಹಿಗ್ಗಿ ಕುಗ್ಗುವುದೆಲ್ಲ ಅಗಲದಲ್ಲಿ.

ಅಗಲದ ಈ ಆಟ ಕೈಗೆ ತಾಗುವುದು ಗಿಟಾರು ಊರು ಬಿಟ್ಟಾಗ. ಕುಂದಾಪುರದ ಮಳೆಗಾಲವನ್ನು ಕಂಡ ವಾದ್ಯವೊಂದನ್ನು ಮಾರ್ಚ್ ತಿಂಗಳಲ್ಲಿ ಬೆಂಗಳೂರಿಗೆ ಒಯ್ದು ಇಟ್ಟರೆ, ಮಧ್ಯಾಹ್ನದ ಗಾಳಿಯಲ್ಲಿ ತೇವ ಬಹಳ ಕಡಿಮೆಯಿರುವ ಆ ಊರಿನಲ್ಲಿ 55 ಮಿ.ಮೀ. ಅಗಲದ ಹಲಗೆ ಕೆಲವೇ ವಾರಗಳಲ್ಲಿ ಅರ್ಧ ಮಿ.ಮೀ.ನಷ್ಟು ಕಿರಿದಾಗಬಹುದು. ಲೋಹದ ಮೆಟ್ಟಿಲು ಮಾತ್ರ ಕುಗ್ಗದೆ ಇದ್ದಷ್ಟೇ ಇರುವುದರಿಂದ ಅದರ ತುದಿಗಳು ಎರಡೂ ಅಂಚಿನಿಂದ ಹೊರಚಾಚಿ ಅಂಗೈಯನ್ನು ಗೀರುತ್ತವೆ. ಇದನ್ನು ಕಂಡೊಡನೆ ಅರ ಹಿಡಿದು ತುದಿಗಳನ್ನು ಉಜ್ಜಿಬಿಡುವುದು ಆತುರದ ಕೆಲಸ. ವಾದ್ಯ ಮರಳಿ ಊರಿಗೆ ಬಂದು ಹಲಗೆ ಉಬ್ಬಿದಾಗ ಮೆಟ್ಟಿಲು ಅಂಚಿನಿಂದ ಒಳಕ್ಕೆ ಸರಿದಂತಾಗಿ, ಬದಿಯ ತಂತಿ ಆಚೆ ಜಾರತೊಡಗುತ್ತದೆ. ದಂಡಿ ಮತ್ತು ಹಲಗೆ ಬೇರೆಬೇರೆ ಮರಗಳಾದ್ದರಿಂದ, ಅವು ಒಂದೇ ವೇಗದಲ್ಲಿ ತೇವ ಹೀರದೆ ಸ್ವಲ್ಪ ಬಾಗುವುದೂ ಉಂಟು. ಜತೆಗೆ ಆರು ಉಕ್ಕಿನ ತಂತಿಗಳ ಒಟ್ಟು ಸೆಳೆತ ಸುಮಾರು 45 ಕಿಲೋಗ್ರಾಂ ತೂಕಕ್ಕೆ ಸಮ. ಇದಕ್ಕೆ ಎದುರಾಗಿ ದಂಡಿಯೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸಲಾಕೆಯನ್ನು ಹೂತು, ತಿರುಪು ಬಿಗಿದು ಬಾಗುವಿಕೆಯನ್ನು ತಿದ್ದುವ ಉಪಾಯಕ್ಕೆ ಗಿಬ್ಸನ್ ಸಂಸ್ಥೆ 1923ರಲ್ಲಿ ಪೇಟೆಂಟ್ ಪಡೆಯಿತು.

ಆದ್ದರಿಂದ ಕರಾವಳಿಯಲ್ಲಿ ಹಳೆಯ ಗಿಟಾರಿನ ದುರಸ್ತಿ ಶುರುವಾಗುವುದು ಕಾಯುವುದರಿಂದ. ಶೇ 45ರಿಂದ 55ರ ಆರ್ದ್ರತೆಯಿರುವ ಕೋಣೆಯಲ್ಲಿ ವಾದ್ಯವನ್ನು ಎರಡು ಮೂರು ವಾರವಾದರೂ ಇಟ್ಟು, ತಂತಿಗಳನ್ನು ಶ್ರುತಿಗೆ ಬಿಗಿದು, ಆಮೇಲೆ ಮೊದಲ ಮತ್ತು ಕೊನೆಯ ಮೆಟ್ಟಿಲಿನಲ್ಲಿ ತಂತಿಯನ್ನು ಒತ್ತಿಹಿಡಿದು, ನಡುವೆ ಏಳೆಂಟನೆಯ ಮೆಟ್ಟಿಲಿನ ಬಳಿ ಉಳಿಯುವ ಸಂದನ್ನು ಫೀಲರ್ ಗೇಜಿನ ತೆಳು ತಗಡುಗಳಿಂದ ಅಳೆಯುತ್ತಾರೆ. ಅದುರುವ ತಂತಿ ನಡುವಿನಲ್ಲಿ ಹೆಚ್ಚು ಅಗಲಕ್ಕೆ ಆಡುವುದರಿಂದ ಅಲ್ಲಿ ಕಾಲು ಮಿ.ಮೀ.ನಷ್ಟು ತಗ್ಗಿರುವುದು ದೋಷವಲ್ಲ, ಅಗತ್ಯ.

ಕರಾವಳಿಯ ಉಪ್ಪುಗಾಳಿ, ಬೆರಳಿನ ಬೆವರು ಸೇರಿ ಮೆಟ್ಟಿಲಿನ ಬುಡದಲ್ಲಿ ಹಸಿರು ಕಿಲುಬು ಕೂತಿರುತ್ತದೆ. ಜರ್ಮನ್ ಸಿಲ್ವರ್ ಎಂದು ಹೆಸರಿದ್ದರೂ ಮೆಟ್ಟಿಲಿನ ಲೋಹದಲ್ಲಿ ಬೆಳ್ಳಿ ಲವಲೇಶವೂ ಇರುವುದಿಲ್ಲ. ಅದು ತಾಮ್ರ, ನಿಕ್ಕಲ್, ಸತುವುಗಳ ಮಿಶ್ರಣ, ಹಸಿರು ಬಣ್ಣ ತಾಮ್ರದ್ದು. ಕಿಲುಬನ್ನೂ ಜಿಡ್ಡನ್ನೂ ತೆಗೆಯಲು ನೀರು ಮುಟ್ಟಿಸದೆ, ನಾಫ್ತಾದಂತಹ ಬೇಗ ಆರುವ ದ್ರಾವಕದಲ್ಲಿ ಅದ್ದಿದ ಬಟ್ಟೆಯಿಂದ ಒರೆಸುತ್ತಾರೆ. ಸ್ಟೀಲ್ ವೂಲ್ ಬಳಸುವುದಾದರೆ ಮೊದಲು ಪಿಕಪ್ಪುಗಳನ್ನು, ಅಂದರೆ ತಂತಿಯ ಅದುರನ್ನು ವಿದ್ಯುತ್ತಾಗಿಸುವ ಅಯಸ್ಕಾಂತದ ಸುರುಳಿಗಳನ್ನು, ಟೇಪಿನಿಂದ ಮುಚ್ಚಬೇಕು. ಇಲ್ಲವಾದರೆ ಉಕ್ಕಿನ ಹುಡಿ ಅವುಗಳಿಗೆ ಅಂಟಿ ಮತ್ತೆ ಬಿಡುವುದೇ ಇಲ್ಲ.

ಸವೆತ ಅಲ್ಪವಿದ್ದರೆ ಇಷ್ಟಕ್ಕೆ ನಿಂತು, ಮೆಟ್ಟಿಲುಗಳ ನೆತ್ತಿಯನ್ನು ಮಾತ್ರ ಸಮಮಾಡುವುದು ಮೇಲು. ಸುಮಾರು ಒಂದು ಮಿ.ಮೀ. ಎತ್ತರದ ಮೆಟ್ಟಿಲು ಅರ್ಧಕ್ಕಿಂತ ಕೆಳಗಿಳಿದಾಗಲೇ ಅದನ್ನು ಕೀಳುವ ಪ್ರಶ್ನೆ ಏಳುತ್ತದೆ. ಕೀಳುವುದು ಹೀಗೆ: ಬೆಸುಗೆ ಹಾಕುವ ಸಾಲ್ಡರಿಂಗ್ ಐರನ್ನಿನ ಬಿಸಿ ತುದಿಯನ್ನು ಮೆಟ್ಟಿಲಿನ ನೆತ್ತಿಗೆ ಒತ್ತಿ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಎಳೆಯುತ್ತಾರೆ, ಲೋಹ ಕಾದು ಹಳೆಯ ಅಂಟು ಸಡಿಲವಾಗುತ್ತದೆ, ಸೀಳಿನ ಅಂಚಿನ ಮರ ಬಿಸಿಗೆ ತುಸು ಮೆತ್ತಗಾಗುತ್ತದೆ, ಬೀಟೆಯ ಎಣ್ಣೆ ಕಾದ ಸಿಹಿ ವಾಸನೆ ಬರುತ್ತದೆ. ಆಗ ಬಾಯಿ ಸಪಾಟಾಗಿ ಮಸೆದ ಇಕ್ಕಳವನ್ನು ಮೆಟ್ಟಿಲಿನ ಕೆಳಗೆ ತೂರಿಸಿ, ಮೇಲಕ್ಕೆ ಎಳೆಯದೆ ಬರಿದೆ ಅಮುಕುತ್ತ, ತುದಿಯಿಂದ ಒಂದೊಂದೇ ಮಿ.ಮೀ. ಮುಂದೆ ಸರಿದರೆ ಇಕ್ಕಳದ ಬಾಯಿಯ ಇಳಿಜಾರೇ ಮೆಟ್ಟಿಲನ್ನು ಎತ್ತಿಬಿಡುತ್ತದೆ. ಮೆಟ್ಟಿಲಿನ ಬಾಲಕ್ಕೆ ಸಣ್ಣ ಮುಳ್ಳುಗಳಿದ್ದು ಅವು ಮರಕ್ಕೆ ಕಚ್ಚಿಕೊಂಡಿರುವುದರಿಂದ ಅವಸರಿಸಿದರೆ ಅಂಚು ಚಕ್ಕೆಯಾಗಿ ಏಳುತ್ತದೆ. ಎದ್ದ ಚಕ್ಕೆಯನ್ನು ಎಸೆಯದೆ ಅದೇ ಜಾಗಕ್ಕೆ ಸೂಪರ್ ಗ್ಲೂ ಹನಿಯಿಂದ ಕೂರಿಸುತ್ತಾರೆ. ಬೀಟೆಯ ಸಹಜವಾದ ಎಣ್ಣೆ ಅಂಟಿಗೆ ಅಡ್ಡಿಯಾಗುವುದರಿಂದ ಅಂಟಿಸುವ ಮೊದಲು ಆ ಜಾಗವನ್ನು ಅಸಿಟೋನಿನಿಂದ ಒರೆಸುವುದುಂಟು. ಬೀಟೆಯ ಹುಡಿಯಲ್ಲಿರುವ ಡಾಲ್ಬರ್ಜಿಯೋನ್ ಎಂಬ ರಾಸಾಯನಿಕಗಳು ಕೆಲವರ ಚರ್ಮಕ್ಕೂ ಉಸಿರಿಗೂ ಆಗಿಬರುವುದಿಲ್ಲವಾದ್ದರಿಂದ ಈ ಕೆಲಸಕ್ಕೆ ಮುಖಗವಸು ಬೇಕೇಬೇಕು.

ಮೆಟ್ಟಿಲು ಕಿತ್ತ ಹಲಗೆಯಲ್ಲಿ ಕಾಣುವುದು ದಶಕಗಳ ವಾದನದ ಗುರುತು: ಹೆಚ್ಚು ಒತ್ತಿದ ಜಾಗಗಳಲ್ಲಿ ಉಗುರು, ಬೆರಳು ತೋಡಿದ ಗುಳಿಗಳು. ಇವನ್ನು ಮಾಯಮಾಡಲು ಇಡೀ ಹಲಗೆಯನ್ನು ಗುಳಿಯ ತಳದವರೆಗೆ ಉಜ್ಜುವ ರೂಢಿ ಇದೆ, ಅದು ಒಳ್ಳೆಯ ರೂಢಿಯಲ್ಲ. ಹಳೆಯ ಫೆಂಡರ್ ಹಲಗೆ ಸಪಾಟಾಗಿರದೆ, 184 ಮಿ.ಮೀ. ತ್ರಿಜ್ಯದ ಉರುಳೆಯೊಂದರ ಮೈಯ ತುಣುಕಿನಂತೆ ಉಬ್ಬಾಗಿರುತ್ತದೆ. 1962ರ ನಡುವಿನಿಂದ ಆ ಕಾರ್ಖಾನೆ ದಪ್ಪ ಹಲಗೆಯನ್ನು ಬಿಟ್ಟು ದಂಡಿಯ ಉಬ್ಬಿಗೆ ಒಪ್ಪುವ ತೆಳುವಾದ ಪದರವನ್ನು ಅಂಟಿಸಿದ್ದರಿಂದ, ಅಂತಹ ವಾದ್ಯಗಳಲ್ಲಿ ಉಜ್ಜಲು ಮರವೇ ಉಳಿದಿರುವುದಿಲ್ಲ. ಬೀಟೆಯದೇ ಹುಡಿಯನ್ನು ಅಂಟಿನಲ್ಲಿ ಕಲಸಿ ಆಳದ ಗುಳಿಗಳನ್ನಷ್ಟೇ ತುಂಬಿ, ಮೇಲುಮೇಲಿನವನ್ನು ಇದ್ದ ಹಾಗೆ ಬಿಡುವುದೇ ಲೇಸು. ತಂತಿ ಮುಟ್ಟುವುದು ಮೆಟ್ಟಿಲನ್ನಲ್ಲದೆ ಮರವನ್ನಲ್ಲವಾದ್ದರಿಂದ ಗುಳಿಯಿಂದ ನಾದಕ್ಕೆ ಕೊರತೆಯೇನೂ ಬರುವುದಿಲ್ಲ. ಗಮಕಗಳಿಗೆ ಅನುಕೂಲವಾಗಲೆಂದು ಮೆಟ್ಟಿಲುಗಳ ನಡುವಣ ಮರವನ್ನು ತೋಡಿ ವೀಣೆಯಂತೆ ಹಳ್ಳ ಮಾಡಿಸುವುದೂ ಉಂಟು, ಶಕ್ತಿ ತಂಡದ ಜಾನ್ ಮೆಕ್‌ಲಾಫ್ಲಿನ್ ಅಂತಹ ಗಿಟಾರನ್ನೇ ಬಳಸಿದರು. ಹೊಸ ಹಲಗೆಯಲ್ಲಿ ಅದು ಸೊಗಸಾದ ಪ್ರಯೋಗ, ಅರವತ್ತು ವರ್ಷದ ಹಲಗೆಯಲ್ಲಿ ಅದು ಹಾಳುಗೆಡಹುವ ಕೆಲಸ.

ಹೊಸ ಮೆಟ್ಟಿಲುಗಳ ಬಾಲದ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ಸೀಳಿಗಿಂತ ಬಾಲ ಚೂರು ದಪ್ಪವಿದ್ದರೆ ಪ್ರತಿ ಮೆಟ್ಟಿಲೂ ಬೆಣೆಯಾಗಿ ಮರವನ್ನು ಉದ್ದಕ್ಕೆ ದೂಡುತ್ತದೆ, ಇಪ್ಪತ್ತೊಂದು ಬೆಣೆಗಳು ಒಟ್ಟಾಗಿ ದಂಡಿಯನ್ನು ಹಿಂದಕ್ಕೆ ಬಾಗಿಸಬಲ್ಲವು. ಟ್ರಸ್ ರಾಡ್ ಸೋತು ಮುಂದಕ್ಕೆ ಬಾಗಿದ ಹಳೆಯ ದಂಡಿಯನ್ನು ನೇರಮಾಡಲು ನುರಿತವರು ಇದನ್ನೇ ಮದ್ದಾಗಿ ಬಳಸುತ್ತಾರೆ. ಎಲ್ಲ ಕೂತ ಮೇಲೆ ನೆತ್ತಿಗಳಿಗೆ ಮಾರ್ಕರ್ ಪೆನ್ನಿನ ಶಾಯಿ ಬಳಿದು, ಸಪಾಟಾದ ಉಕ್ಕಿನ ಪಟ್ಟಿಗೆ ಮರಳುಕಾಗದ ಅಂಟಿಸಿ ಉಜ್ಜಿದರೆ ಎತ್ತರವಿದ್ದಲ್ಲಿ ಶಾಯಿ ಅಳಿಸುತ್ತದೆ, ತಗ್ಗಿದ್ದಲ್ಲಿ ಉಳಿಯುತ್ತದೆ. ಎಲ್ಲ ಕಡೆಯೂ ಅಳಿಸಿದಾಗ ಸಮವಾಯಿತೆಂದು ಲೆಕ್ಕ. ಹೀಗೆ ಚಪ್ಪಟೆಯಾದ ನೆತ್ತಿಯಲ್ಲಿ ತಂತಿ ನಡುವನ್ನು ಬಿಟ್ಟು ಮುಂದಿನ ಅಂಚಿನ ಮೇಲೆ ನಿಲ್ಲುವುದರಿಂದ ಸ್ವರ ಜಾರುತ್ತದೆ. ಇದನ್ನು ತಪ್ಪಿಸಲು ಒಳಗೆ ಕೊರೆದ ಅರದಿಂದ ಇಬ್ಬದಿಯನ್ನೂ ದುಂಡಾಗಿಸುತ್ತ, ನೆತ್ತಿಯ ನಟ್ಟನಡುವೆ ಶಾಯಿಯ ಕೂದಲೆಳೆಯಂತಹ ಗೆರೆಯೊಂದು ಉಳಿಯುವವರೆಗೆ ಉಜ್ಜುತ್ತಾರೆ.

ಹಲಗೆಯೇ ಹೋದರೆ ಬದಲಿಗೆ ಬೀಟೆ ಹುಡುಕುವುದು ಹಿಂದಿನಷ್ಟು ಸುಲಭವಲ್ಲ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್‌ನ ಪಟ್ಟಿಯಲ್ಲಿ ಅದು ‘ವಲ್ನರಬಲ್’, ಅಂದರೆ ಅಳಿವಿನ ಭೀತಿಗೆ ಒಳಗಾದ ಮರ. ಕರ್ನಾಟಕದಲ್ಲಿ ಸ್ವಂತ ಜಮೀನಿನ ಬೀಟೆಯನ್ನೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ, 1974ರಲ್ಲಿ ಘೋಷಣೆಯಾದ ಮೂಕಾಂಬಿಕಾ ವನ್ಯಜೀವಿ ಧಾಮದಲ್ಲಂತೂ ಆ ಮಾತೇ ಇಲ್ಲ. ಮಲೆನಾಡಿನ ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆದ ಮರಗಳು ಇಂದಿಗೂ ಮಾರುಕಟ್ಟೆಗೆ ಬರುತ್ತವಾದರೂ ದಿಮ್ಮಿಗಳ ರಫ್ತಿಗೆ ಅವಕಾಶವಿಲ್ಲ. 2017ರ ಜನವರಿ 2ರಂದು ಡಾಲ್ಬರ್ಜಿಯಾ ಕುಲದ ಉಳಿದೆಲ್ಲ ಮರಗಳೂ ಸೈಟಿಸ್‌ನ ಎರಡನೆಯ ಪಟ್ಟಿಗೆ ಸೇರಿದಾಗ ಗಿಟಾರನ್ನು ಗಡಿ ದಾಟಿಸಿ ಮಾರುವುದಕ್ಕೂ ಪರವಾನಗಿ ಬೇಕಾಯಿತು. 2019ರ ನವೆಂಬರಿನಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದೆ, ಬ್ರೆಜಿಲಿನ ಪ್ರಭೇದಕ್ಕೆ ಮಾತ್ರ ಇಲ್ಲ. ಹಳೆಯ ಗಿಟಾರನ್ನು ಹೊರದೇಶಕ್ಕೆ ಕಳುಹಿಸುವವರು ಅದರ ಹಲಗೆ ಎರಡರಲ್ಲಿ ಯಾವುದೆಂದು ಮೊದಲೇ ಬಲ್ಲವರಿಂದ ಖಚಿತಪಡಿಸಿಕೊಳ್ಳಬೇಕು.

ದುರಸ್ತಿ ಮುಗಿದ ವಾದ್ಯದ ಹಲಗೆಗೆ ಖನಿಜ ತೈಲವನ್ನು ತೆಳ್ಳಗೆ ಸವರಿ, ಕೆಲ ನಿಮಿಷದಲ್ಲೇ ಒರೆಸಿ ತೆಗೆಯುತ್ತಾರೆ. ತೆಂಗಿನೆಣ್ಣೆ ಮನೆಯಲ್ಲೇ ಇದೆಯೆಂದು ಹಚ್ಚಿದರೆ ಅದು ಕಾಲಕ್ರಮದಲ್ಲಿ ಕಮಟಾಗಿ ಧೂಳನ್ನು ಹಿಡಿಯುತ್ತದೆ. ನವರಾತ್ರಿಯ ಹೊತ್ತಿಗೆ, ಮಳೆ ಹಿಂದೆ ಸರಿದು ಗಾಳಿ ಒಣಗತೊಡಗಿದಾಗ, ಏಳನೆಯ ಮೆಟ್ಟಿಲಿನ ಬಳಿಯ ಸಂದನ್ನು ಮತ್ತೊಮ್ಮೆ ಅಳೆಯಬೇಕು. ಅದು ಕಾಲು ಮಿ.ಮೀ. ದಾಟಿದ್ದರೆ ಟ್ರಸ್ ರಾಡಿನ ತಿರುಪನ್ನು ಕಾಲು ಸುತ್ತಿಗಿಂತ ಹೆಚ್ಚು ಬಿಗಿಯದೆ, ಒಂದು ರಾತ್ರಿ ಹಾಗೇ ಬಿಟ್ಟು, ಮರುದಿನ ಮತ್ತೆ ಅಳೆಯಬೇಕು.