ಬಿಸಿಲು, ಬೆವರು, ಜನಜಂಗುಳಿ: ಚೆನ್ನೈನಲ್ಲಿ ಯಾವ ವಸ್ತುವಿಗೆ ಯಾವ ಬೀದಿ? ಇಲ್ಲಿದೆ ವಿವರ

ಚೆನ್ನೈ: ಮದುವೆ ಸೀಸನ್ ಮತ್ತು ಸುಡುಬಿಸಿಲು ಚೆನ್ನೈಗೆ ಒಟ್ಟಿಗೇ ಬರುತ್ತವೆ. ಮೇ ತಿಂಗಳ ಆರಂಭದಲ್ಲಿ, ತಮಿಳರು ‘ಅಗ್ನಿ ನಕ್ಷತ್ರಂ’ ಅಥವಾ ‘ಕತ್ತಿರಿ ವೆಯಿಲ್’ ಎಂದು ಕರೆಯುವ ಕಡುಬೇಸಿಗೆಯ ದಿನಗಳು ಶುರುವಾಗುತ್ತವೆ. ಅದೇ ಹೊತ್ತಿಗೆ ಸೀರೆ, ಚಿನ್ನ, ಪಾತ್ರೆಗಳ ಖರೀದಿಯೂ ಜೋರಾಗುತ್ತದೆ. ನಗರದಲ್ಲಿ ನೆಲೆಸಿರುವ ಕನ್ನಡಿಗರ ಜತೆಗೆ ಕರ್ನಾಟಕದಿಂದಲೂ ಕುಟುಂಬಗಳು ರೈಲು ಹತ್ತಿ ಬರುತ್ತವೆ. ಎಲ್ಲರ ಬಾಯಲ್ಲೂ ಬರುವ ಮೊದಲ ಹೆಸರು ಟಿ.ನಗರ.

ಆದರೆ ಎಲ್ಲದಕ್ಕೂ ಟಿ.ನಗರವೇ ಉತ್ತರವಲ್ಲ. ಚೆನ್ನೈನ ಹಳೆಯ ವ್ಯಾಪಾರ ಪದ್ಧತಿಯಲ್ಲಿ ಒಂದೊಂದು ಸರಕಿಗೆ ಒಂದೊಂದು ಬೀದಿ ಇದೆ. ತಪ್ಪು ಬೀದಿಗೆ, ತಪ್ಪು ಹೊತ್ತಿನಲ್ಲಿ ಹೋದರೆ ಚೌಕಾಸಿ ಮಾಡಿ ಉಳಿಸಿದ ಹಣ ಆಟೊ ಬಾಡಿಗೆಗೆ ಹೋಗುತ್ತದೆ. ಜತೆಗೆ ಬಂದ ಹಿರಿಯರು, ಮಕ್ಕಳು ಬಿಸಿಲಿಗೆ ಬಳಲುವ ಅಪಾಯ ಬೇರೆ. ಹಾಗಾದರೆ ಎಲ್ಲಿಗೆ, ಯಾವಾಗ ಹೋಗಬೇಕು?

ಕೆರೆಯಂಗಳದಲ್ಲಿ ಎದ್ದ ಮಾರುಕಟ್ಟೆ

ಟಿ.ನಗರದ ಪೂರ್ಣ ಹೆಸರು ತ್ಯಾಗರಾಯ ನಗರ. ಜಸ್ಟೀಸ್ ಪಕ್ಷದ ನಾಯಕ ಪಿಟ್ಟಿ ತ್ಯಾಗರಾಯ ಚೆಟ್ಟಿ ಅವರ ಹೆಸರನ್ನು ಇದಕ್ಕೆ ಇಡಲಾಗಿದೆ. 1920ರ ದಶಕದಲ್ಲಿ ‘ಲಾಂಗ್ ಟ್ಯಾಂಕ್’ ಎಂಬ ದೊಡ್ಡ ಕೆರೆಯ ನೀರು ಬಸಿದು ಈ ಬಡಾವಣೆ ಕಟ್ಟಲಾಯಿತು. ಮೊದಲು ಇದು ವಾಸದ ಮನೆಗಳ ಪ್ರದೇಶ. ಪನಗಲ್ ಪಾರ್ಕ್ ಸುತ್ತ ಹೊರಟ ರಸ್ತೆಗಳ ಮೇಲೆ ಕ್ರಮೇಣ ಜವಳಿ ಮತ್ತು ಚಿನ್ನದ ಅಂಗಡಿಗಳು ಬಂದವು. ಮನೆಗಳಿಗಾಗಿ ಹಾಕಿದ ರಸ್ತೆಗಳಲ್ಲಿ ಇಂದು ಇಡೀ ದಕ್ಷಿಣ ಭಾರತದ ಗಿರಾಕಿಗಳು ಓಡಾಡುತ್ತಾರೆ. ಇಲ್ಲಿನ ನೂಕುನುಗ್ಗಲಿಗೆ ಅದೂ ಒಂದು ಕಾರಣ.

ಟಿ.ನಗರದೊಳಗೂ ಹಂಚಿಕೆ ಇದೆ. ಮಾಂಬಲಂ ರೈಲು ನಿಲ್ದಾಣಕ್ಕೆ ಅಂಟಿಕೊಂಡಿರುವ ರಂಗನಾಥನ್ ಸ್ಟ್ರೀಟ್ ಅಗ್ಗದ ಬಟ್ಟೆ, ಪಾತ್ರೆ, ಮನೆ ಬಳಕೆಯ ವಸ್ತುಗಳಿಗೆ ಹೆಸರಾಗಿದೆ. ಉಸ್ಮಾನ್ ರಸ್ತೆಯಲ್ಲಿ ಬಹುಮಹಡಿ ಜವಳಿ ಮತ್ತು ಚಿನ್ನದ ಮಳಿಗೆಗಳಿವೆ. ಪಾಂಡಿ ಬಜಾರ್‌ನಲ್ಲಿ ಸಿದ್ಧ ಉಡುಪು, ಚಪ್ಪಲಿ, ಕೃತಕ ಆಭರಣ ಸಿಗುತ್ತವೆ. 2019ರಲ್ಲಿ ಇಲ್ಲಿ ಅಗಲವಾದ ಪಾದಚಾರಿ ಮಾರ್ಗ ನಿರ್ಮಿಸಿದ್ದರಿಂದ ನಡೆಯುವುದು ಸುಲಭವಾಗಿದೆ. ವಯಸ್ಸಾದವರು ಜತೆಗಿದ್ದರೆ ರಂಗನಾಥನ್ ಸ್ಟ್ರೀಟ್‌ಗಿಂತ ಪಾಂಡಿ ಬಜಾರ್ ಅನುಕೂಲ.

ಬೆಂಗಳೂರು ಕಡೆಯಿಂದ ಬಂದು ಸೆಂಟ್ರಲ್‌ನಲ್ಲಿ ಇಳಿಯುವವರು ಎದುರಿನ ಪಾರ್ಕ್ ನಿಲ್ದಾಣದಲ್ಲಿ ತಾಂಬರಂ ಕಡೆಯ ಲೋಕಲ್ ರೈಲು ಹತ್ತಿದರೆ ಮಾಂಬಲಂಗೆ ನೇರ ದಾರಿ. ಮಾಂಬಲಂ ನಿಲ್ದಾಣದಿಂದ ಟಿ.ನಗರ ಬಸ್ ನಿಲ್ದಾಣದವರೆಗೆ ಸುಮಾರು 570 ಮೀಟರ್ ಉದ್ದದ ಸ್ಕೈವಾಕ್ 2023ರಲ್ಲಿ ಆರಂಭವಾಗಿದೆ. ರಂಗನಾಥನ್ ಸ್ಟ್ರೀಟ್‌ನ ಜನಸಂದಣಿಗೆ ಸಿಕ್ಕಿಕೊಳ್ಳದೆ ಇದರ ಮೇಲೆ ದಾಟಬಹುದು.

ರೇಷ್ಮೆ ಮತ್ತು ಚಿನ್ನ: ಇವನ್ನು ಗಮನಿಸಿ

ಕಾಂಚೀಪುರಂ ಸೀರೆಗೆ ಬಳಸುವ ರೇಷ್ಮೆ ನೂಲಿನ ದೊಡ್ಡ ಪಾಲು ಕರ್ನಾಟಕದಿಂದಲೇ ಹೋಗುತ್ತದೆ. ಜರಿ ಸೂರತ್‌ನಿಂದ ಬರುತ್ತದೆ. ಹೀಗಾಗಿ ಸೀರೆಯ ಬೆಲೆಯಲ್ಲಿ ನೂಲಿನಷ್ಟೇ ಜರಿಯ ಗುಣಮಟ್ಟವೂ ಮುಖ್ಯ. ಅಪ್ಪಟ ಜರಿಯಲ್ಲಿ ರೇಷ್ಮೆ ಎಳೆಯ ಮೇಲೆ ಬೆಳ್ಳಿ, ಅದರ ಮೇಲೆ ಚಿನ್ನದ ಲೇಪವಿರುತ್ತದೆ. ಅಗ್ಗದ ಜರಿಯಲ್ಲಿ ಬೆಳ್ಳಿಯ ಜಾಗದಲ್ಲಿ ತಾಮ್ರ ಅಥವಾ ಪ್ಲಾಸ್ಟಿಕ್ ಎಳೆ ಇರುತ್ತದೆ. ಯಾವ ಜರಿ ಎಂಬುದನ್ನು ಬಿಲ್‌ನಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ‘ಸಿಲ್ಕ್ ಮಾರ್ಕ್’ ಲೇಬಲ್ ಇದ್ದರೆ ಅದು ರೇಷ್ಮೆಗಷ್ಟೇ ಖಾತರಿ, ಜರಿಗಲ್ಲ.

ಚಿನ್ನದ ವಿಚಾರದಲ್ಲಿ 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಆಭರಣದ ಮೇಲೆ ಆರು ಅಕ್ಷರ–ಅಂಕಿಗಳ ಎಚ್‌ಯುಐಡಿ ಸಂಖ್ಯೆ ಕಡ್ಡಾಯ. ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಈ ಸಂಖ್ಯೆ ಹಾಕಿ ಅಂಗಡಿಯಲ್ಲೇ ಪರಿಶೀಲಿಸಬಹುದು. ಚೆನ್ನೈ ಜಾಹೀರಾತುಗಳಲ್ಲಿ ‘ಸೆಯ್‌ಕೂಲಿ’ ಮತ್ತು ‘ಸೇದಾರಂ’ ಎಂಬ ಪದಗಳು ಕಾಣುತ್ತವೆ. ಮೊದಲನೆಯದು ತಯಾರಿಕೆ ಕೂಲಿ, ಎರಡನೆಯದು ವೇಸ್ಟೇಜ್. ಒಂದನ್ನು ಇಳಿಸಿ ಇನ್ನೊಂದನ್ನು ಏರಿಸಿದರೆ ರಿಯಾಯಿತಿ ಹೆಸರಿಗಷ್ಟೇ. ಹೀಗಾಗಿ ಎರಡು ಅಂಗಡಿಗಳನ್ನು ಹೋಲಿಸುವಾಗ ಅಂತಿಮ ಮೊತ್ತವನ್ನೇ ನೋಡಬೇಕು.

ಸಗಟು ಖರೀದಿಗೆ ಜಾರ್ಜ್ ಟೌನ್

ಲಗ್ನಪತ್ರಿಕೆ, ಉಡುಗೊರೆ, ಹತ್ತಾರು ಸೀರೆ ಬೇಕಿದ್ದರೆ ಟಿ.ನಗರಕ್ಕಿಂತ ಜಾರ್ಜ್ ಟೌನ್ ಲಾಭದಾಯಕ. ಹೈಕೋರ್ಟ್ ಮತ್ತು ಮನ್ನಡಿ ಮೆಟ್ರೊ ನಿಲ್ದಾಣಗಳಿಂದ ನಡೆದೇ ಹೋಗಬಹುದು. ಆಂಡರ್ಸನ್ ಸ್ಟ್ರೀಟ್‌ನಲ್ಲಿ ಕಾಗದ ಮತ್ತು ಲಗ್ನಪತ್ರಿಕೆ, ಗೋಡೌನ್ ಸ್ಟ್ರೀಟ್‌ನಲ್ಲಿ ಸಗಟು ಜವಳಿ, ಕಾಸಿ ಚೆಟ್ಟಿ ಸ್ಟ್ರೀಟ್‌ನಲ್ಲಿ ಆಟಿಕೆ ಮತ್ತು ಫ್ಯಾನ್ಸಿ ವಸ್ತು, ದೇವರಾಜ ಮುದಲಿ ಸ್ಟ್ರೀಟ್‌ನಲ್ಲಿ ಗಾಜು ಮತ್ತು ಕನ್ನಡಿ. ಮಾರವಾಡಿ, ಗುಜರಾತಿ ವ್ಯಾಪಾರಿಗಳು ಹೆಚ್ಚಿರುವ ಸೌಕಾರ್‌ಪೇಟೆಯ ಮಿಂಟ್ ಸ್ಟ್ರೀಟ್‌ನಲ್ಲಿ ಉತ್ತರ ಭಾರತ ಶೈಲಿಯ ಉಡುಪು ಸಿಗುತ್ತದೆ.

ಇಲ್ಲಿ ಎರಡು ವಿಷಯ ನೆನಪಿರಲಿ. ಹಲವು ಅಂಗಡಿಗಳು ಬಿಡಿಯಾಗಿ ಮಾರುವುದಿಲ್ಲ. ಭಾನುವಾರ ಸಗಟು ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ.

ಬೀಚ್ ನಿಲ್ದಾಣದ ಬಳಿಯ ಬರ್ಮಾ ಬಜಾರ್, ಬರ್ಮಾದಿಂದ ಮರಳಿದ ತಮಿಳರ ಜೀವನೋಪಾಯಕ್ಕಾಗಿ ಹುಟ್ಟಿಕೊಂಡ ಮಾರುಕಟ್ಟೆ. ಎಲೆಕ್ಟ್ರಾನಿಕ್ಸ್, ಸುಗಂಧದ್ರವ್ಯ ಅಗ್ಗವಾಗಿ ಸಿಕ್ಕರೂ ಬಿಲ್ ಮತ್ತು ವಾರಂಟಿ ನಿರೀಕ್ಷಿಸುವಂತಿಲ್ಲ. ಕಂಪ್ಯೂಟರ್ ಬಿಡಿಭಾಗಗಳಿಗೆ ಅಣ್ಣಾ ಸಾಲೈ ಪಕ್ಕದ ರಿಚ್ಚಿ ಸ್ಟ್ರೀಟ್ ಪ್ರಸಿದ್ಧ.

ಪೂಜಾ ಸಾಮಗ್ರಿ, ಹೂವು

ಹಿತ್ತಾಳೆ ದೀಪ, ಪೂಜಾ ಸಾಮಗ್ರಿ, ಭರತನಾಟ್ಯದ ಆಭರಣಗಳಿಗೆ ಮೈಲಾಪುರದ ಕಪಾಲೀಶ್ವರ ದೇವಸ್ಥಾನದ ಸುತ್ತಲಿನ ಬೀದಿಗಳೇ ಸೂಕ್ತ. ಹೂವು, ಹಣ್ಣು, ತರಕಾರಿ ಹೆಚ್ಚು ಪ್ರಮಾಣದಲ್ಲಿ ಬೇಕಿದ್ದರೆ 1996ರಲ್ಲಿ ಆರಂಭವಾದ ಕೊಯಂಬೇಡು ಸಗಟು ಮಾರುಕಟ್ಟೆ ಇದೆ. ಅಲ್ಲಿ ವ್ಯಾಪಾರ ನಡುರಾತ್ರಿಯಿಂದಲೇ ಶುರುವಾಗುವುದರಿಂದ ಬಿಸಿಲೇರುವ ಮೊದಲೇ ಕೆಲಸ ಮುಗಿಸಬಹುದು.

ಬಿಸಿಲಿಗೆ ಯಾವ ಹೊತ್ತು ಸರಿ?

ಚೆನ್ನೈನ ಬಿಸಿಲು ಬೆಂಗಳೂರಿನ ಬಿಸಿಲಿನಂತಲ್ಲ. ಸಮುದ್ರ ಪಕ್ಕದಲ್ಲೇ ಇರುವುದರಿಂದ ಗಾಳಿಯಲ್ಲಿ ತೇವಾಂಶ ಹೆಚ್ಚು. ಬೆವರು ಬೇಗ ಆರುವುದಿಲ್ಲ, ದೇಹ ತಣಿಯುವುದಿಲ್ಲ. ಹಗಲಿನಲ್ಲಿ ಸಮುದ್ರದಿಂದ ಬೀಸುವ ಗಾಳಿ ತಡವಾದ ದಿನ ತಾಪಮಾನ ಇನ್ನಷ್ಟು ಏರುತ್ತದೆ. 2003ರ ಮೇ 31ರಂದು ನಗರದಲ್ಲಿ 45 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು.

ಸಂಜೆ ತಂಪಾಗಲಿ ಎಂದು ಕಾಯುವವರೇ ಹೆಚ್ಚು. ಹೀಗಾಗಿ ಸಂಜೆ ಐದರ ನಂತರ ಟಿ.ನಗರದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ವಾರದ ದಿನ ಬೆಳಗ್ಗೆ ಅಂಗಡಿ ತೆರೆಯುವ ಹೊತ್ತಿಗೇ ಹೋಗುವುದು ಉತ್ತಮ. ಮಧ್ಯಾಹ್ನ 12ರಿಂದ 3ರವರೆಗೆ ಬೀದಿಯಲ್ಲಿ ಅಲೆಯುವ ಬದಲು ಊಟ, ವಿಶ್ರಾಂತಿ ಅಥವಾ ಹವಾನಿಯಂತ್ರಿತ ಮಳಿಗೆಯ ಕೆಲಸ ಇಟ್ಟುಕೊಳ್ಳಬಹುದು. ಬಾಯಾರಿಕೆ ಆಗದಿದ್ದರೂ ನೀರು, ಮಜ್ಜಿಗೆ ಕುಡಿಯುತ್ತಿರಬೇಕು. ತಲೆಸುತ್ತು, ವಾಂತಿ, ಗೊಂದಲದ ಮಾತು ಕಂಡರೆ ಖರೀದಿ ನಿಲ್ಲಿಸಿ ನೆರಳಿಗೆ ಕರೆದೊಯ್ದು ಮೈಗೆ ನೀರು ಹಚ್ಚಿ ಗಾಳಿ ಹಾಕಬೇಕು, 108ಕ್ಕೆ ಕರೆ ಮಾಡಬೇಕು.

ಕಟ್ಟಡದೊಳಗೂ ಎಚ್ಚರ ಇರಲಿ

2017ರ ಮೇ 31ರಂದು ಉಸ್ಮಾನ್ ರಸ್ತೆಯ ಬಹುಮಹಡಿ ಜವಳಿ ಮಳಿಗೆಯೊಂದು ಬೆಂಕಿಗೆ ಆಹುತಿಯಾಯಿತು. ಬೆಳಗಿನ ಜಾವ, ಅಂಗಡಿ ತೆರೆಯುವ ಮೊದಲೇ ಬೆಂಕಿ ಹತ್ತಿದ್ದರಿಂದ ದೊಡ್ಡ ಅನಾಹುತ ತಪ್ಪಿತು. ಇಡೀ ಕಟ್ಟಡವನ್ನೇ ನಂತರ ಕೆಡವಬೇಕಾಯಿತು. ಅದೇ ಬೆಂಕಿ ಹಬ್ಬದ ಸಂಜೆ ಹತ್ತಿದ್ದರೆ? ಮೇಲಿನ ಮಹಡಿಗೆ ಹೋದ ಕೂಡಲೇ ಮೆಟ್ಟಿಲು ಎಲ್ಲಿದೆ, ಅದಕ್ಕೆ ಅಡ್ಡಲಾಗಿ ಬಟ್ಟೆಯ ಮೂಟೆಗಳಿವೆಯೇ ಎಂದು ನೋಡಿಕೊಳ್ಳಲು ಅರ್ಧ ನಿಮಿಷ ಸಾಕು.

ಇದೇ ಮಳಿಗೆಗಳಲ್ಲಿ ದಿನವಿಡೀ ನಿಂತು ಸೀರೆ ಬಿಚ್ಚಿ ತೋರಿಸುವವರ ಬದುಕನ್ನು ವಸಂತಬಾಲನ್ ನಿರ್ದೇಶನದ 2010ರ ತಮಿಳು ಚಿತ್ರ ‘ಅಂಗಾಡಿ ತೆರು’ ತೆರೆಗೆ ತಂದಿತ್ತು. 2021ರಲ್ಲಿ ತಮಿಳುನಾಡು ಸರ್ಕಾರ ಕಾನೂನಿಗೆ ತಿದ್ದುಪಡಿ ತಂದು, ಅಂಗಡಿ ಸಿಬ್ಬಂದಿಗೆ ಕುಳಿತುಕೊಳ್ಳಲು ಆಸನ ಒದಗಿಸುವುದನ್ನು ಕಡ್ಡಾಯಗೊಳಿಸಿತು. ಕೆಲಸದ ನಡುವೆ ಸಿಬ್ಬಂದಿ ಕುಳಿತರೆ ಅದು ಉದಾಸೀನವಲ್ಲ, ಅವರ ಹಕ್ಕು.

ವಸ್ತು ಕೆಟ್ಟಿದ್ದರೆ?

‘ಮಾರಿದ ಮಾಲು ವಾಪಸ್ ಇಲ್ಲ’ ಎಂಬ ಫಲಕ ಕಂಡರೂ ಹೆದರಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ವಸ್ತುವನ್ನು ಬಿಲ್‌ನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ನಮೂದಿಸದಿದ್ದರೆ 30 ದಿನಗಳೊಳಗೆ, ಹಿಂಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅಷ್ಟೇ. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಆದರೆ ಬಣ್ಣ ಇಷ್ಟವಾಗಲಿಲ್ಲ ಎಂಬ ಕಾರಣಕ್ಕೆ ಈ ನಿಯಮ ಅನ್ವಯಿಸದು.

ಒಟ್ಟಿನಲ್ಲಿ, ಚೆನ್ನೈನಲ್ಲಿ ಖರೀದಿಗೆ ಹೊರಡುವ ಮೊದಲು ಪಟ್ಟಿಯನ್ನು ಬೀದಿಗಳ ಪ್ರಕಾರ ಬರೆದುಕೊಳ್ಳುವುದು ಜಾಣತನ. ಒಂದು ದಿನಕ್ಕೆ ಒಂದೇ ಪ್ರದೇಶ ಸಾಕು. ಸೀರೆಗೆ ಟಿ.ನಗರ, ಲಗ್ನಪತ್ರಿಕೆಗೆ ಜಾರ್ಜ್ ಟೌನ್, ದೀಪಕ್ಕೆ ಮೈಲಾಪುರ ಎಂದು ಒಂದೇ ದಿನ ಮೂರೂ ಕಡೆ ಓಡಿದರೆ ಸಂಜೆಯ ಹೊತ್ತಿಗೆ ಬೆಲೆ ನೋಡುವ ತಾಳ್ಮೆಯೂ ಉಳಿದಿರುವುದಿಲ್ಲ.