ಫ್ರಿಜ್ ಬಾಗಿಲಿಗೆ ಸ್ಟಾರ್ ಬಂದ ದಾರಿ

ಫ್ರಿಜ್ ಕೊಳ್ಳಲು ಹೋದವರು ಬಣ್ಣ ನೋಡುತ್ತಾರೆ, ಎಷ್ಟು ಲೀಟರ್ ಎಂದು ಕೇಳುತ್ತಾರೆ, ಚೌಕಾಸಿ ಮಾಡುತ್ತಾರೆ. ಬಾಗಿಲಿಗೆ ಅಂಟಿಸಿದ ಸ್ಟಿಕ್ಕರಿನ ಸ್ಟಾರ್‌ಗಳನ್ನೂ ಎಣಿಸುತ್ತಾರೆ. ಆದರೆ ಅದೇ ಸ್ಟಿಕ್ಕರಿನಲ್ಲಿರುವ ಒಂದು ಸಂಖ್ಯೆಯನ್ನು ಗಮನಿಸುವವರು ಕಡಿಮೆ. ಈ ಫ್ರಿಜ್ ವರ್ಷಕ್ಕೆ ಎಷ್ಟು ಯೂನಿಟ್ ಕರೆಂಟ್ ಬಳಸುತ್ತದೆ ಎಂಬ ಲೆಕ್ಕ ಅದು. ಅಂಗಡಿಗೆ ಹಣ ಕಟ್ಟುವುದು ಒಂದು ಸಲ. ಕರೆಂಟ್ ಬಿಲ್ ಕಟ್ಟುವುದು ಫ್ರಿಜ್ ಬಾಳುವಷ್ಟು ವರ್ಷ.

ಈ ಲೆಕ್ಕ ಶುರುವಾದದ್ದು 1973ರ ತೈಲ ಬಿಕ್ಕಟ್ಟಿನ ನಂತರ. ಆಗ ಅಮೆರಿಕದಲ್ಲಿ ಒಂದು ಹೊಸ ಫ್ರಿಜ್ ವರ್ಷಕ್ಕೆ ಸುಮಾರು 1,800 ಯೂನಿಟ್ ಬಳಸುತ್ತಿತ್ತು. ಭೌತವಿಜ್ಞಾನಿ ಆರ್ಥರ್ ರೋಸೆನ್‌ಫೆಲ್ಡ್ ಮತ್ತು ಸಂಗಡಿಗರು, ಹೊಸ ವಿದ್ಯುತ್ ಸ್ಥಾವರ ಕಟ್ಟುವುದಕ್ಕಿಂತ ಫ್ರಿಜ್ ಸುಧಾರಿಸುವುದು ಅಗ್ಗ ಎಂದು ವಾದಿಸಿದರು. ಕ್ಯಾಲಿಫೋರ್ನಿಯಾ ಮಿತಿ ಹಾಕಿತು, ಆಮೇಲೆ ಇಡೀ ದೇಶ ಹಾಕಿತು. ಶಾಖ ತಡೆಯುವ ಗೋಡೆ, ಕಂಪ್ರೆಸರ್ ಎಲ್ಲವೂ ಸುಧಾರಿಸಿದವು. 2000ದ ದಶಕದ ಆರಂಭಕ್ಕೆ ಬಳಕೆ 500 ಯೂನಿಟ್‌ ಆಸುಪಾಸಿಗೆ ಇಳಿದಿತ್ತು. ಫ್ರಿಜ್ ಮಾತ್ರ ಮೊದಲಿಗಿಂತ ದೊಡ್ಡದಾಗಿತ್ತು. ಬಳಕೆಯನ್ನು ಸ್ಟಾರ್‌ಗಳಲ್ಲಿ ತೋರಿಸುವ ಪದ್ಧತಿ 1986ರಲ್ಲಿ ಆಸ್ಟ್ರೇಲಿಯಾದಲ್ಲಿ ಬಂತು.

ಅದೇ ಕಾಲಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿ, ಹೊಸ ಸ್ಥಾವರಕ್ಕಿಂತ ಉಳಿತಾಯ ಅಗ್ಗ ಎಂಬ ಇದೇ ಮಾತನ್ನು ನಮ್ಮ ನೆಲದ ಲೆಕ್ಕದಲ್ಲಿ ಹೇಳುತ್ತಿದ್ದರು. ಜನರಿಗೆ ಬೇಕಿರುವುದು ಯೂನಿಟ್ ಅಲ್ಲ. ಬೆಳಕು, ನೀರು, ಬೆಂದ ಅನ್ನ ಎಂಬುದು ಅವರ ನಿಲುವು. ಕರ್ನಾಟಕಕ್ಕಾಗಿ ಅವರ ತಂಡ ಸಿದ್ಧಪಡಿಸಿದ ಪರ್ಯಾಯ ಯೋಜನೆಗೆ, ಸರ್ಕಾರಿ ಯೋಜನೆ ಅಂದಾಜು ಮಾಡಿದ್ದರ ಅರ್ಧಕ್ಕಿಂತ ಕಡಿಮೆ ವಿದ್ಯುತ್ ಸಾಕಾಗುತ್ತಿತ್ತು.

ದೇಶದಲ್ಲಿ ಇಂಧನ ಸಂರಕ್ಷಣಾ ಕಾಯ್ದೆ ಬಂದದ್ದು 2001ರಲ್ಲಿ. ಮರುವರ್ಷ ಇಂಧನ ದಕ್ಷತಾ ಬ್ಯೂರೋ ಹುಟ್ಟಿತು. 2006ರಲ್ಲಿ ಸ್ಟಾರ್ ಸ್ಟಿಕ್ಕರ್ ಬಂತು. ಮೊದಲು ಅದು ಕಂಪನಿಗಳ ಇಚ್ಛೆಗೆ ಬಿಟ್ಟದ್ದಾಗಿತ್ತು. 2010ರಲ್ಲಿ ಫ್ರಾಸ್ಟ್-ಫ್ರೀ ಫ್ರಿಜ್ ಮತ್ತು ಎಸಿಗಳಿಗೆ, 2023ರಲ್ಲಿ ಸೀಲಿಂಗ್ ಫ್ಯಾನಿಗೂ ಕಡ್ಡಾಯವಾಯಿತು.

ಫ್ಯಾನ್ ಸೇರಿದ್ದು ಸಣ್ಣ ವಿಷಯವಲ್ಲ. ಹಳೆಯ ಫ್ಯಾನ್ ಸುಮಾರು 75 ವ್ಯಾಟ್ ಎಳೆದರೆ, ಬಿಎಲ್‌ಡಿಸಿ ಮೋಟಾರಿನ ಫ್ಯಾನಿಗೆ 30 ವ್ಯಾಟ್ ಸಾಕು. ದಿನಕ್ಕೆ 12 ಗಂಟೆ ತಿರುಗಿದರೆ ವರ್ಷಕ್ಕೆ ಸುಮಾರು 197 ಯೂನಿಟ್ ಉಳಿಯುತ್ತದೆ. ಯೂನಿಟ್ಟಿಗೆ 6 ರೂಪಾಯಿ ಎಂದಿಟ್ಟುಕೊಂಡರೆ ಒಂದೇ ಫ್ಯಾನಿನಿಂದ ಸುಮಾರು 1,180 ರೂಪಾಯಿ ಉಳಿತಾಯ. ಕರ್ನಾಟಕದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಪಡೆಯುವ ಮನೆಗಳಿಗೂ ಇದು ಮುಖ್ಯ. ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಸ್ಟಾರ್‌ಗಳ ಅಳತೆಗೋಲನ್ನು ಬ್ಯೂರೋ ಕೆಲವು ವರ್ಷಗಳಿಗೊಮ್ಮೆ ಬಿಗಿ ಮಾಡುತ್ತದೆ. ಹಿಂದಿನ ಫೈವ್ ಸ್ಟಾರ್ ಎಸಿ ಇಂದಿನ ಅಳತೆಯಲ್ಲಿ ಫೈವ್ ಸ್ಟಾರ್ ಆಗಿ ಉಳಿದಿರಲಿಕ್ಕಿಲ್ಲ. ಆದ್ದರಿಂದ ಹಳೆಯ ಸ್ಟಾಕ್ ಕೊಳ್ಳುವಾಗ ಸ್ಟಿಕ್ಕರ್ ಯಾವ ಅವಧಿಯದು ಎಂದು ಓದಿ. ಒಂದೇ ಅಳತೆಯ ಎರಡು ಫ್ರಿಜ್‌ಗಳ ನಡುವೆ ತೂಗಿ ನೋಡುವಾಗ ವಾರ್ಷಿಕ ಯೂನಿಟ್‌ಗಳ ವ್ಯತ್ಯಾಸವನ್ನು ನಿಮ್ಮ ದರದಿಂದ, ಆಮೇಲೆ ಹತ್ತು ವರ್ಷಗಳಿಂದ ಗುಣಿಸಿ. ಬಂದ ಮೊತ್ತ ಬೆಲೆಯ ವ್ಯತ್ಯಾಸಕ್ಕಿಂತ ಹೆಚ್ಚಿದ್ದರೆ, ದುಬಾರಿ ಎನಿಸಿದ ಫ್ರಿಜ್ಜೇ ನಿಮ್ಮ ಮನೆಗೆ ಅಗ್ಗದ್ದು.