ಕಾಲೇಜಿನಲ್ಲಿ ಗಣಿತ ಓದುವುದೆಂದರೆ

ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರ ನಮ್ಮ ಶಾಲೆಯ ಜಗಲಿಯಲ್ಲಿ ಪ್ರತಿ ವರ್ಷವೂ ಒಂದು ಪ್ರಶ್ನೆ ಕೇಳಿಬರುತ್ತದೆ. "ಮಗಳು ಲೆಕ್ಕದಲ್ಲಿ ಹುಷಾರು ಮಾಸ್ಟ್ರೇ. ಪ್ಲಸ್ ಟು ಆದ ಮೇಲೆ ಬಿ.ಎಸ್‌ಸಿ. ಗಣಿತಕ್ಕೆ ಸೇರಿಸಬಹುದೋ? ಕನ್ನಡದಲ್ಲಿ ಕಲಿತವಳಿಗೆ ಅಲ್ಲಿ ಸಾಗೀತೋ?" ಇದನ್ನು ಗಣಿತದ ಅಧ್ಯಾಪಕರಲ್ಲಿ ಕೇಳುವುದು ನ್ಯಾಯ. ಆದರೂ ಕನ್ನಡ ಕಲಿಸುವ ನಾವು ಈ ವರ್ಷ ಅದಕ್ಕೆ ಉತ್ತರ ಬರೆಯಲು ಹೊರಟಿದ್ದೇವೆ. ಅದಕ್ಕೊಂದು ಕಾರಣವಿದೆ.

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಕಲಿತು ಎಲ್ಲ ವಿಷಯಗಳಲ್ಲೂ ಎ ಪ್ಲಸ್ ಪಡೆದಿದ್ದ ಹುಡುಗಿಯೊಬ್ಬಳು ಒಂದು ಶನಿವಾರ ಶಾಲೆಗೆ ಬಂದಳು. ಬೇರೆ ಊರಿನ ಕಾಲೇಜಿನಲ್ಲಿ ಬಿ.ಎಸ್‌ಸಿ. ಗಣಿತಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಮೊದಲ ಆಂತರಿಕ ಪರೀಕ್ಷೆಯಲ್ಲಿ ಒಂದು ಪ್ರಶ್ನೆಗೆ ಸೊನ್ನೆ ಬಂದಿತ್ತು. "ಸರ್, ಉತ್ತರದಲ್ಲಿ ತಪ್ಪೇನೆಂದು ಯಾರೂ ಹೇಳಲಿಲ್ಲ. ನನಗೆ ಗಣಿತವೇ ಬರುವುದಿಲ್ಲವೋ ಏನೋ, ಕೋರ್ಸು ಬಿಟ್ಟುಬಿಡುತ್ತೇನೆ" ಎಂದಳು. ಉತ್ತರಪತ್ರಿಕೆಯನ್ನು ನಮ್ಮ ಗಣಿತದ ಸಹೋದ್ಯೋಗಿಯೂ ನಾವೂ ಕೂಡಿ ನೋಡಿದೆವು. ಕೂಡಿಸಿ ಕಳೆದದ್ದರಲ್ಲಿ ತಪ್ಪಿರಲಿಲ್ಲ. ತಪ್ಪು ಇದ್ದದ್ದು ಒಂದು ಇಂಗ್ಲಿಷ್ ಪದವನ್ನು ಓದಿಕೊಂಡ ರೀತಿಯಲ್ಲಿ. ಅಂದಿನಿಂದ ಈ ವಿಷಯದಲ್ಲಿ ಕನ್ನಡ ಅಧ್ಯಾಪಕರಿಗೂ ಸ್ವಲ್ಪ ಕೆಲಸವಿದೆ ಎಂದು ನಾವು ತಿಳಿದುಕೊಂಡಿದ್ದೇವೆ.

ಹೈಸ್ಕೂಲಿನ ಗಣಿತಕ್ಕೂ ಕಾಲೇಜಿನ ಗಣಿತಕ್ಕೂ ಇರುವ ಅಂತರ ಅಲ್ಲಿ ಸೇರಿದ ಮೇಲಲ್ಲದೆ ತಿಳಿಯುವುದಿಲ್ಲ. ಇಲ್ಲಿ ನಾವು ಮಕ್ಕಳಿಗೆ "ಬೆಲೆ ಕಂಡುಹಿಡಿಯಿರಿ" ಎಂದು ಹೇಳುತ್ತೇವೆ. ಕೊನೆಯ ಗೆರೆಯಲ್ಲಿ ಒಂದು ಸಂಖ್ಯೆ ಬರುತ್ತದೆ, ಅದರ ಕೆಳಗೆ ಎರಡು ಗೆರೆ ಎಳೆದರೆ ಮುಗಿಯಿತು. ಪ್ಲಸ್ ಟುವಿನಲ್ಲಿ ಪಾಠ ಇಂಗ್ಲಿಷಿಗೆ ತಿರುಗಿದರೂ ಸೂತ್ರ ಗೊತ್ತಿದ್ದವರು ಹೇಗೋ ದಾಟಿಬಿಡುತ್ತಾರೆ. ಪದವಿ ತರಗತಿಯಲ್ಲಿ ಪ್ರಶ್ನೆಯ ಧಾಟಿಯೇ ಬದಲಾಗುತ್ತದೆ. "ಸಾಧಿಸಿರಿ" ಎಂಬ ಮಾತು ಪುಟಪುಟದಲ್ಲೂ ಬರುತ್ತದೆ. ಉತ್ತರವಾಗಿ ಬರೆಯಬೇಕಾದುದು ಸಂಖ್ಯೆಯನ್ನಲ್ಲ, ಒಂದಕ್ಕೊಂದು ಹೊಂದಿಕೊಂಡ ಹತ್ತು ಹನ್ನೆರಡು ವಾಕ್ಯಗಳನ್ನು. ಒಂದು ವಾಕ್ಯ ಸಡಿಲವಾದರೂ ಉತ್ತರ ನಿಲ್ಲುವುದಿಲ್ಲ.

ಆ ಹುಡುಗಿ ಎಡವಿದ ಜಾಗವನ್ನೇ ನೋಡೋಣ. 1, 1/2, 1/3, 1/4 ಎಂದು ಸಾಗುವ ಶ್ರೇಢಿ ಶೂನ್ಯದ ಕಡೆಗೆ ಹೋಗುತ್ತದೆ ಎಂಬುದು ಎಂಟನೆಯ ತರಗತಿಯ ಮಗುವಿಗೂ ಕಾಣುತ್ತದೆ. ಆದರೆ "ಕಡೆಗೆ ಹೋಗುತ್ತದೆ" ಎಂದರೇನು? ಶ್ರೇಢಿಗೆ ಕಾಲಿಲ್ಲವಲ್ಲ! ಗಣಿತಜ್ಞರು ಅದಕ್ಕೆ ಕೊಡುವ ವ್ಯಾಖ್ಯೆ ಕನ್ನಡದಲ್ಲಿ ಹೀಗಾಗುತ್ತದೆ: ಯಾವುದೇ ಧನಸಂಖ್ಯೆಯನ್ನು ಕೊಡಿ, ಅದು ಎಷ್ಟೇ ಚಿಕ್ಕದಾಗಿರಲಿ, ಅದಕ್ಕೆ ತಕ್ಕಂತೆ ಶ್ರೇಢಿಯಲ್ಲಿ ಒಂದು ಸ್ಥಾನವನ್ನು ತೋರಿಸಬಹುದು, ಆ ಸ್ಥಾನದಿಂದಾಚೆಗಿನ ಪದಗಳೆಲ್ಲ ನೀವು ಕೊಟ್ಟ ಸಂಖ್ಯೆಗಿಂತ ಶೂನ್ಯಕ್ಕೆ ಹತ್ತಿರವಾಗಿರುತ್ತವೆ. ನೀವು 1/100 ಕೊಟ್ಟರೆ ನಾವು ನೂರನೆಯ ಸ್ಥಾನವನ್ನು ತೋರಿಸುತ್ತೇವೆ, 1/1000 ಕೊಟ್ಟರೆ ಸಾವಿರನೆಯದನ್ನು. ಕೊಡುವವರು ನೀವು, ತೋರಿಸುವವರು ನಾವು.

ಪಠ್ಯಪುಸ್ತಕದಲ್ಲಿ "ಯಾವುದೇ" ಎಂಬಲ್ಲಿ "ಎನಿ" ಎಂಬ ಇಂಗ್ಲಿಷ್ ಪದವಿತ್ತು. ಹುಡುಗಿ ಅದನ್ನು "ಯಾವುದಾದರೂ ಒಂದು" ಎಂದು ಓದಿಕೊಂಡಿದ್ದಳು. ಆದ್ದರಿಂದ 1/100 ಎಂಬ ಒಂದು ಬೆಲೆಯನ್ನು ತಾನೇ ಆರಿಸಿಕೊಂಡು, ಅದಕ್ಕೆ ಸರಿಯಾಗಿ ಸಾಧಿಸಿ, ತೃಪ್ತಿಯಿಂದ ಮುಗಿಸಿದ್ದಳು. ಇಂಗ್ಲಿಷಿನ ಆ ಪದಕ್ಕೆ ಸಂದರ್ಭಕ್ಕೆ ತಕ್ಕಂತೆ ಎರಡು ಅರ್ಥವೂ ಬರುತ್ತದೆ. ಕನ್ನಡದಲ್ಲಿ ಹಾಗಿಲ್ಲ: "ಯಾವುದೇ ಆಗಲಿ" ಬೇರೆ, "ಯಾವುದಾದರೊಂದು" ಬೇರೆ. ನಮ್ಮ ಭಾಷೆ ಇಲ್ಲಿ ಹೆಚ್ಚು ನಿಖರವಾಗಿದೆ ಎಂಬುದನ್ನು ಆ ದಿನ ಮೂವರೂ ಕೂಡಿ ಕಂಡುಕೊಂಡೆವು. ಕನ್ನಡ ಅಧ್ಯಾಪಕರಾದ ನಮಗೆ ಆಗ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ.

ಇನ್ನೊಂದು ತೊಡಕು ಪದಗಳ ಅನುಕ್ರಮದ್ದು. ನಮ್ಮ ಕಡೆಯ ಮಕ್ಕಳಿಗೆ ಸುರಂಗದ ನೀರು ಹೊಸತಲ್ಲ. "ಪ್ರತಿ ತೋಟಕ್ಕೂ ಒಂದು ಸುರಂಗವಿದೆ" ಎನ್ನುವುದೂ "ಒಂದು ಸುರಂಗವಿದೆ, ಅದರ ನೀರು ಪ್ರತಿ ತೋಟಕ್ಕೂ ಬರುತ್ತದೆ" ಎನ್ನುವುದೂ ಒಂದೇ ಅಲ್ಲ. ಮೊದಲನೆಯದರಲ್ಲಿ ತೋಟಕ್ಕೊಂದು ಸುರಂಗ. ಎರಡನೆಯದರಲ್ಲಿ ಊರಿಗೆಲ್ಲ ಒಂದೇ. ಮೇಲಿನ ವ್ಯಾಖ್ಯೆಯಲ್ಲಿಯೂ ಕೊಟ್ಟ ಸಂಖ್ಯೆಗೊಂದು ಸ್ಥಾನ ಬೇರೆ ಬೇರೆ. "ಒಂದೇ ಸ್ಥಾನವಿದೆ, ಅದು ಎಲ್ಲ ಸಂಖ್ಯೆಗಳಿಗೂ ಸಾಕು" ಎಂದು ತಿರುಗಿಸಿ ಬರೆದರೆ ಮಾತು ಸುಳ್ಳಾಗುತ್ತದೆ. ನೂರನೆಯ ಸ್ಥಾನವೇ ಸಾಕೆಂದು ನಾವು ಹೇಳಿದರೆ ನೀವು 1/200 ಎಂಬ ಸಂಖ್ಯೆಯನ್ನು ಮುಂದಿಡುವಿರಿ. ನೂರೊಂದನೆಯ ಪದವಾದ 1/101 ಅದಕ್ಕಿಂತ ದೊಡ್ಡದು. ನಾವು ಯಾವ ಸ್ಥಾನವನ್ನು ಹೇಳಿದರೂ ಇದೇ ಗತಿ. ಪದವಿಯ ಮೊದಲ ಎರಡು ವರ್ಷಗಳಲ್ಲಿ ಮಕ್ಕಳು ಕಳೆದುಕೊಳ್ಳುವ ಅಂಕಗಳಲ್ಲಿ ಬಹುಪಾಲು ಇಂತಹ ಜಾಗಗಳಲ್ಲೇ ಹೋಗುತ್ತವೆ ಎಂದು ನಮ್ಮ ಸಹೋದ್ಯೋಗಿ ಹೇಳುತ್ತಾರೆ.

ಒಂದು ತಿಂಗಳಲ್ಲಿ ಇದು ತಲೆಗೆ ಹತ್ತಲಿಲ್ಲವೆಂದು ಅಳುವವರು ಸ್ವಲ್ಪ ಇತಿಹಾಸ ಓದಬೇಕು. ನ್ಯೂಟನ್, ಲೈಬ್ನಿಟ್ಸ್ ಇಬ್ಬರೂ ಕಲನಶಾಸ್ತ್ರವನ್ನು ಕಟ್ಟಿದ್ದು 17ನೆಯ ಶತಮಾನದಲ್ಲಿ. ಅದರ ಬುಡದಲ್ಲಿರುವ "ಕಡೆಗೆ ಹೋಗುವುದು" ಎಂಬ ಮಾತನ್ನು ಫ್ರಾನ್ಸಿನ ಕೋಶಿ ಬಿಗಿಗೊಳಿಸಲು ಹೊರಟದ್ದು 1821ರ ತನ್ನ ಗ್ರಂಥದಲ್ಲಿ. ಅದಕ್ಕೆ ಇಂದಿನ ರೂಪ ಬಂದದ್ದು ಜರ್ಮನಿಯ ವೈಯರ್‌ಸ್ಟ್ರಾಸನ ಕಾಲಕ್ಕೆ. ಪಂಡಿತರಿಗೇ ನೂರೈವತ್ತು ವರ್ಷ ಹಿಡಿದದ್ದು ಹದಿನೆಂಟರ ಮಕ್ಕಳಿಗೆ ಒಂದು ಸೆಮಿಸ್ಟರಿನಲ್ಲಿ ತಡವರಿಸಿದರೆ ಆಶ್ಚರ್ಯವೇನು?

ಗಣಿತದ ಸಾಧನೆ ಇಂಗ್ಲಿಷಿಗೆ ಮಾತ್ರ ಒಗ್ಗುವಂತಹುದು ಎಂಬ ಹೆದರಿಕೆಯೂ ಬೇಡ. ಕನ್ನಡದಲ್ಲೂ ಮಲಯಾಳದಲ್ಲೂ ಕಲಿತು ಬೆಳೆದ ನಮಗೆ "ಯುಕ್ತಿಭಾಷಾ" ಎಂಬ ಹೆಸರು ಅಚ್ಚುಮೆಚ್ಚು. ಸುಮಾರು 1530ರಲ್ಲಿ ಜ್ಯೇಷ್ಠದೇವನು ಬರೆದ ಈ ಗ್ರಂಥ ಸಂಸ್ಕೃತದಲ್ಲಿಲ್ಲ, ಮಲಯಾಳ ಗದ್ಯದಲ್ಲಿದೆ. 1ರಿಂದ 1/3 ಕಳೆದು, 1/5 ಕೂಡಿಸಿ, 1/7 ಕಳೆದು ಹೀಗೆ ಮುಂದುವರಿಸಿದರೆ ವೃತ್ತದ ಪೈ ಎಂಬ ಸಂಖ್ಯೆಯ ಕಾಲುಭಾಗ ಸಿಗುತ್ತದೆ ಎಂಬ, ಸಂಗಮಗ್ರಾಮದ ಮಾಧವನದೆಂದು ಹೇಳಲಾಗುವ ಫಲಿತಾಂಶಕ್ಕೆ ಅಲ್ಲಿ ಯುಕ್ತಿಯನ್ನು, ಎಂದರೆ ಕಾರಣವನ್ನು, ವಿವರಿಸಲಾಗಿದೆ. ಯುರೋಪಿನಲ್ಲಿ ಇದೇ ಶ್ರೇಣಿ ಕಾಣಿಸಿಕೊಂಡದ್ದು 1670ರ ದಶಕದಲ್ಲಿ. ನಮ್ಮ ಕನ್ನಡದಲ್ಲಿಯೂ 12ನೆಯ ಶತಮಾನದ ರಾಜಾದಿತ್ಯ "ವ್ಯವಹಾರಗಣಿತ"ವನ್ನು ಬರೆದಿದ್ದಾನೆ. ಅದರಲ್ಲಿ ಇರುವುದು ಹೆಚ್ಚಾಗಿ ವ್ಯವಹಾರದ ಲೆಕ್ಕಗಳು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಆದರೂ ಭಾಷೆಗೆ ಗಣಿತ ಹೊಸತಲ್ಲ ಎನ್ನಲು ಅಷ್ಟು ಸಾಕು.

ವಿಶ್ಲೇಷಣೆಯೆಂಬ ಈ ವಿಷಯವಲ್ಲದೆ ಬೀಜಗಣಿತವೂ ಅಲ್ಲಿ ಬೇರೆಯೇ ವೇಷದಲ್ಲಿ ಬರುತ್ತದೆ. ಒಂದು ಚೌಕಾಕಾರದ ಕಾಗದ ಕತ್ತರಿಸಿ ಮೂಲೆಗಳಿಗೆ ಎರಡೂ ಮುಖಗಳಲ್ಲಿ 1, 2, 3, 4 ಎಂದು ಗುರುತು ಹಾಕಿ. ಅದನ್ನು ಎತ್ತಿ, ತಿರುಗಿಸಿ ಅಥವಾ ಮಗುಚಿ, ಮತ್ತೆ ಅದೇ ಜಾಗದಲ್ಲಿ ಕೂರಿಸಲು ಎಂಟೇ ವಿಧಗಳಿವೆ (ಸುಮ್ಮನೆ ಬಿಡುವುದೂ ಒಂದು ವಿಧ). ಬಲಕ್ಕೆ ಕಾಲು ಸುತ್ತು ತಿರುಗಿಸಿ, ಅನಂತರ ಪುಸ್ತಕದ ಹಾಳೆಯಂತೆ ಮಗುಚಿ ನೋಡಿ. ಮೊದಲು ಮಗುಚಿ, ಅನಂತರ ತಿರುಗಿಸಿ ನೋಡಿ. ಮೂಲೆಗಳು ಒಂದೇ ಜಾಗಕ್ಕೆ ಬರುವುದಿಲ್ಲ! 3ನ್ನು 5ರಿಂದ ಗುಣಿಸಿದರೂ 5ನ್ನು 3ರಿಂದ ಗುಣಿಸಿದರೂ ಒಂದೇ ಎಂದು ನಂಬಿದ ಮಕ್ಕಳಿಗೆ ಇದೊಂದು ಹೊಸ ಲೋಕ. ಇಂತಹ ವ್ಯವಸ್ಥೆಗೆ "ಗ್ರೂಪ್" ಎಂದು ಹೆಸರು. ಹತ್ತನೆಯ ತರಗತಿಯಲ್ಲಿ ವರ್ಗ ಸಮೀಕರಣಕ್ಕೆ ಒಂದು ಸೂತ್ರ ಕಲಿತಿರಲ್ಲ, ಐದನೆಯ ಘಾತದ ಸಮೀಕರಣಕ್ಕೆ ಹಾಗೆ ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು, ಮೂಲ ತೆಗೆಯುವುದು ಇಷ್ಟರಿಂದ ಸಾರ್ವತ್ರಿಕ ಸೂತ್ರ ದೊರೆಯದು ಎಂದು ನಾರ್ವೆಯ ಆಬೆಲ್ 1824ರಲ್ಲಿ ತೋರಿಸಿದನು. ಯಾವ ಸಮೀಕರಣಕ್ಕೆ ದೊರೆಯುತ್ತದೆ, ಯಾವುದಕ್ಕೆ ಇಲ್ಲ ಎಂಬುದನ್ನು ಗ್ರೂಪ್‌ಗಳ ಮೂಲಕ ಬಿಡಿಸಿದ ಫ್ರಾನ್ಸಿನ ಗಾಲ್ವಾ 1832ರಲ್ಲಿ ತೀರಿಕೊಂಡಾಗ ಅವನಿಗೆ ಇಪ್ಪತ್ತೇ ವರ್ಷ. ಅವಕಲ ಸಮೀಕರಣ, ಸಂಖ್ಯಾಸಿದ್ಧಾಂತ, ಸಂಭವನೀಯತೆ ಮೊದಲಾದವೂ ಇವೆ. ಅವೆಲ್ಲದರ ವಿವರ ಇಲ್ಲಿ ಬೇಡ.

ಓದುವ ಕ್ರಮದ ಬಗ್ಗೆ ಒಂದು ಮಾತು. ಈ ಪುಸ್ತಕಗಳನ್ನು ಕಾದಂಬರಿಯಂತೆ ಓದಲಾಗದು. ಕಾಗದ, ಪೆನ್ಸಿಲು ಇಟ್ಟುಕೊಂಡು ಕುಳಿತರೂ ಒಂದು ಸಂಜೆಗೆ ಎರಡು ಪುಟ ಸಾಗಿದರೆ ಸಾಕು. ಮಗ ಪುಟ ತಿರುಗಿಸುತ್ತಿಲ್ಲವೆಂದು ಹೆತ್ತವರು ಗದರಬೇಕಾಗಿಲ್ಲ.

ಇನ್ನು ರಕ್ಷಕರ ಪ್ರಶ್ನೆ. ನಮ್ಮ ಜಿಲ್ಲೆಯ ಮಕ್ಕಳಿಗೆ ಹತ್ತಿರದ್ದೆಂದರೆ 1957ರಲ್ಲಿ ಆರಂಭವಾದ ಕಾಸರಗೋಡಿನ ಸರಕಾರಿ ಕಾಲೇಜು. ಅದು ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸೇರಿದೆ. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಕ್ರಮ ಬಂದಿದೆ. ಮೂರು ವರ್ಷಕ್ಕೆ ಪದವಿ ಪಡೆದು ಹೊರಬರಬಹುದು, ನಾಲ್ಕನೆಯದನ್ನೂ ಓದಿದರೆ ಆನರ್ಸ್. ಬೆಂಗಳೂರಿನ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಬಿ.ಮ್ಯಾಥ್. ಎಂಬ ಪದವಿಯೇ ಇದೆ, ಅದಕ್ಕೆ ಪ್ರತ್ಯೇಕ ಪ್ರವೇಶಪರೀಕ್ಷೆ. ಮುಂದೆ ಎಂ.ಎಸ್‌ಸಿ. ಓದಲು ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಯಲ್ಲೇ ಇದೆ, ಐ.ಐ.ಟಿ.ಗಳಿಗೆ ಜಾಮ್ ಎಂಬ ಪರೀಕ್ಷೆ ಬರೆಯಬೇಕು. ಬ್ಯಾಂಕು, ವಿಮೆ, ಸಂಖ್ಯಾಶಾಸ್ತ್ರ, ಕಂಪ್ಯೂಟರು ಇವುಗಳ ಬಾಗಿಲೂ ತೆರೆದಿರುತ್ತದೆ. ಆದರೆ ನಾವು ಒತ್ತಿ ಹೇಳಬೇಕಾದುದು ಇನ್ನೊಂದು. ಈ ಪದವಿಯ ಮೇಲೆ ಬಿ.ಎಡ್. ಮಾಡಿದ, ಕನ್ನಡ ಬಲ್ಲ ಗಣಿತ ಅಧ್ಯಾಪಕರು ನಮ್ಮ ಶಾಲೆಗಳಿಗೆ ಬೇಕು. ಕನ್ನಡ ಬಾರದವರು ಕನ್ನಡ ಮಾಧ್ಯಮದ ತರಗತಿಗೆ ನೇಮಕವಾಗಿ ಬಂದಾಗ ಮಕ್ಕಳೂ ಹೆತ್ತವರೂ ಪ್ರತಿಭಟಿಸಿದ್ದನ್ನು ಈ ಜಿಲ್ಲೆ ಕಂಡಿದೆ. ಪ್ರತಿಭಟನೆ ನ್ಯಾಯವೇ. ಆದರೆ ಅರ್ಜಿ ಹಾಕಲು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ ಎಂದು ನಾವೂ ಎಣಿಸಿ ನೋಡಿಕೊಳ್ಳಬೇಕಲ್ಲವೆ?

ಆ ಹುಡುಗಿ ಕೋರ್ಸು ಬಿಡಲಿಲ್ಲ. ಅಂದಿನಿಂದ ಅವಳು ಒಂದು ದಪ್ಪ ನೋಟು ಪುಸ್ತಕವನ್ನು ಇಟ್ಟುಕೊಂಡಳು: ಬಲಪುಟದಲ್ಲಿ ಇಂಗ್ಲಿಷ್ ವ್ಯಾಖ್ಯೆ, ಎಡಪುಟದಲ್ಲಿ ಅದೇ ಮಾತು ಕನ್ನಡದಲ್ಲಿ. ಕೆಲವು ಕಡೆ ಕನ್ನಡ ಪದ ಸಿಗದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾಳೆ, ಒಂದೆರಡು ಕಡೆ ನಮ್ಮ ತಿದ್ದುಪಡಿಯನ್ನೂ ಹೊಡೆದುಹಾಕಿದ್ದಾಳೆ. ಪದವಿ ಮುಗಿಸಿ ಬಿ.ಎಡ್.ಗೆ ಸೇರುವ ಮೊದಲು ಅದರ ನಕಲು ಪ್ರತಿಯನ್ನು ಶಾಲೆಗೆ ಕೊಟ್ಟು ಹೋದಳು. ಅದು ನಮ್ಮ ಗ್ರಂಥಾಲಯದ ಎರಡನೆಯ ಕಪಾಟಿನಲ್ಲಿ ನಿಘಂಟುಗಳ ಪಕ್ಕದಲ್ಲಿದೆ. ಬೇಕಾದವರು ಕೇಳಿ ಪಡೆಯಬಹುದು.